ನೋಡಿಯೇ ದಾಟಿದ ಮಗು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ಹೆದ್ದಾರಿಯ ಅಂಚಿನಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಹಲವು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಊರು ರಸ್ತೆಯ ಒಂದು ಬದಿಗೆ, ಶಾಲೆ ಇನ್ನೊಂದು ಬದಿಗೆ. ಅಂಥ ಊರುಗಳು ಆ ದಾರಿಯುದ್ದಕ್ಕೂ ಇವೆ. ಆದ್ದರಿಂದ ನಮ್ಮ ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಪ್ರತಿ ಶನಿವಾರ ಮುಂಜಾನೆಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಂದ ಒಂದು ಪಾಠವನ್ನು ಒಪ್ಪಿಸಿಕೊಳ್ಳುವುದು ನನ್ನ ರೂಢಿಯಾಗಿತ್ತು. "ರಸ್ತೆ ದಾಟುವ ಮುನ್ನ ಏನು ಮಾಡಬೇಕು?" ಎಂದು ನಾನು ಕೇಳಿದೊಡನೆ ಇನ್ನೂರು ಕೊರಳುಗಳು ಒಂದಾಗಿ, "ಬಲಕ್ಕೆ ನೋಡಬೇಕು, ಎಡಕ್ಕೆ ನೋಡಬೇಕು, ಮತ್ತೆ ಬಲಕ್ಕೆ ನೋಡಬೇಕು" ಎಂದು ಉತ್ತರಿಸುತ್ತಿದ್ದವು. ಆ ಧ್ವನಿಯನ್ನು ಕೇಳಿದಾಗ ನನ್ನ ಕರ್ತವ್ಯವನ್ನು ನಾನು ನೆರವೇರಿಸಿದೆನೆಂಬ ಸಮಾಧಾನ ನನಗಾಗುತ್ತಿತ್ತು.

2004ರ ಆಗಸ್ಟ್ ತಿಂಗಳ ಒಂದು ಸಂಜೆ ಆ ಸಮಾಧಾನವು ಮುರಿಯಿತು. ಮೂರನೆಯ ತರಗತಿಯ ಒಬ್ಬ ಬಾಲಕಿ ಶಾಲೆ ಬಿಟ್ಟ ಮೇಲೆ ರಸ್ತೆಯ ಅಂಚಿಗೆ ಬಂದು ನಿಂತಳು. ಆಚೆ ಬದಿಯಲ್ಲಿ ಅವಳ ತಂದೆ ಹೊಲದಿಂದ ಮರಳುತ್ತ ಚಕ್ಕಡಿ ನಿಲ್ಲಿಸಿಕೊಂಡು ಮಗಳಿಗಾಗಿ ಕಾಯುತ್ತಿದ್ದರು. ಮಗಳನ್ನು ಕಂಡು ಕೈಯೆತ್ತಿದರು. ಅವಳು ದಾಟಿದಳು. ಒಂದು ಕಾರು ಅವಳ ಬಲದೊಡೆಗೆ ಅಪ್ಪಳಿಸಿತು. ಪ್ರಾಣವೊಂದು ಉಳಿಯಿತು, ತೊಡೆಯ ಎಲುಬು ಎರಡು ಕಡೆ ಮುರಿದಿತ್ತು.

ಚಾಲಕನು ತಾನು ಹಾರ್ನ್ ಹಾಕಿದ್ದೆನೆಂದು ಹೇಳಿದನು. ಊರ ಹಿರಿಯರು, "ಹುಡುಗಿ ನೋಡದೇ ಓಡಿತು" ಎಂದರು. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಅಷ್ಟು ಸಲ ಹೇಳಿಕೊಟ್ಟರೂ ಮಗು ಪಾಠವನ್ನು ಮರೆಯಿತಲ್ಲ ಎಂಬ ಬೇಸರ ನನಗಿತ್ತು. ಮೂರು ದಿನಗಳ ತರುವಾಯ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಅವಳ ಹಾಸಿಗೆಯ ಬಳಿ ಕುಳಿತಾಗ ನಾನು ಏನನ್ನೂ ಕೇಳಿರಲಿಲ್ಲ. ಅವಳೇ ನನ್ನ ಮುಖವನ್ನು ನೋಡಿ, ಏಟು ಬೀಳುವುದೇನೋ ಎಂಬ ಅಂಜಿಕೆಯಿಂದ ಹೇಳಿದಳು: "ಸರ, ನಾ ನೋಡೇ ದಾಟೇನ್ರಿ. ಗಾಡಿ ಭಾಳ ದೂರ ಇತ್ರಿ."

ಆ ಮಾತನ್ನು ಅಂದು ನಾನು ನಂಬಲಿಲ್ಲ. ಪೆಟ್ಟು ತಿಂದ ಮಗು ತನ್ನ ತಪ್ಪನ್ನು ಮುಚ್ಚಿಕೊಳ್ಳುತ್ತಿದೆ ಎಂದೇ ಭಾವಿಸಿದೆ. ಅವಳು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತೆಂಬುದು ನನಗೆ ತಿಳಿಯಲು ಹಲವು ವರ್ಷಗಳೇ ಬೇಕಾದವು.

ಸ್ವೀಡನ್ ದೇಶದಲ್ಲಿ ಸ್ಟಿನಾ ಸಾಂಡೆಲ್ಸ್ ಎಂಬ ವಿದುಷಿ ಚಿಕ್ಕ ಮಕ್ಕಳು ರಸ್ತೆಯಲ್ಲಿ ಹೇಗೆ ವರ್ತಿಸುತ್ತಾರೆಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿ 1968ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮಗುವು ಸಣ್ಣ ಗಾತ್ರದ ದೊಡ್ಡ ಮನುಷ್ಯನಲ್ಲ. ಎಷ್ಟೇ ತರಬೇತಿ ಕೊಟ್ಟರೂ ಇಂದಿನ ವಾಹನ ಸಂಚಾರಕ್ಕೆ ಚಿಕ್ಕ ಮಗುವನ್ನು ಸಂಪೂರ್ಣವಾಗಿ ಹೊಂದಿಸಲು ಸಾಧ್ಯವಿಲ್ಲ ಎಂಬುದು ಅವರ ನಿಲುವಾಗಿತ್ತು. ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ರಾಯಲ್ ಹಾಲೋವೇ ಕಾಲೇಜಿನ ಮನಃಶಾಸ್ತ್ರಜ್ಞರು 2010ರ ಸುಮಾರಿಗೆ ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣುಗಳನ್ನು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ನಮ್ಮತ್ತ ಬರುವ ವಾಹನದ ಆಕಾರವು ಕಣ್ಣಿನಲ್ಲಿ ಕ್ರಮೇಣ ಹಿಗ್ಗುತ್ತ ಹೋಗುತ್ತದೆ; ಆ ಹಿಗ್ಗುವಿಕೆಯಿಂದಲೇ ನಾವು ಅದರ ವೇಗವನ್ನು ಅರಿಯುತ್ತೇವೆ. ದೊಡ್ಡವರಿಗೆ ಈ ಶಕ್ತಿ ಇದೆ. ಚಿಕ್ಕ ಮಕ್ಕಳಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಬರುವ ವಾಹನವು ತನ್ನತ್ತ ಬರುತ್ತಿದೆ ಎಂಬುದನ್ನೇ ಮಗುವು ಸರಿಯಾಗಿ ಗ್ರಹಿಸಲಾರದು ಎಂದು ಅವರು ಕಂಡುಕೊಂಡರು. ಇದರಲ್ಲಿ ಒಂದು ಕ್ರೂರ ವಿಪರ್ಯಾಸವಿದೆ. ನಿಧಾನವಾಗಿ ಬರುವ ಗಾಡಿ ಮಗುವಿಗೆ ಕಾಣಿಸುತ್ತದೆ. ಕೊಲ್ಲಬಲ್ಲ ಗಾಡಿ ದೂರದಲ್ಲಿ ನಿಂತಂತೆ ತೋರುತ್ತದೆ.

ನನ್ನ ವಿದ್ಯಾರ್ಥಿನಿ ಬಲಕ್ಕೆ ನೋಡಿದ್ದಳು, ಎಡಕ್ಕೆ ನೋಡಿದ್ದಳು, ಮತ್ತೆ ಬಲಕ್ಕೆ ನೋಡಿದ್ದಳು. ಕಾರನ್ನೂ ಕಂಡಿದ್ದಳು. ಅದು ಅವಳಿಗೆ "ಭಾಳ ದೂರ" ಇತ್ತು.

ನಾನು ಗಣಿತದ ಮೇಷ್ಟ್ರು. ಒಂದು ದಿನ ಲೆಕ್ಕ ಹಾಕಿ ನೋಡಿದೆ. ಎರಡು ಪಥಗಳ ರಸ್ತೆಯ ಅಗಲ 7 ಮೀಟರು. ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ ಅದನ್ನು ದಾಟಲು ಸುಮಾರು 6 ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ವೇಗದ ಕಾರು ಆ 6 ಸೆಕೆಂಡುಗಳಲ್ಲಿ 133 ಮೀಟರು ಕ್ರಮಿಸುತ್ತದೆ. ನಮ್ಮ ಊರಿನಲ್ಲಿ ಅಗಸೆಯಿಂದ ಬಸವಣ್ಣನ ಗುಡಿಗೆ ಅಷ್ಟೇ ದೂರ. ಗುಡಿಯ ಬಳಿ ಇರುವ ವಸ್ತುವೊಂದು ತಾನು ಆಚೆ ದಡ ಸೇರುವುದರೊಳಗೆ ಅಗಸೆಗೆ ಬಂದು ತಲುಪುತ್ತದೆ ಎಂದು ಎಂಟು ವರ್ಷದ ಯಾವ ಮಗು ತಾನೇ ಊಹಿಸೀತು? ಅದೇ ಕಾರು 30 ಕಿ.ಮೀ. ವೇಗದಲ್ಲಿದ್ದರೆ ಆ ಸಮಯದಲ್ಲಿ ಕ್ರಮಿಸುವುದು 50 ಮೀಟರು ಮಾತ್ರ.

ಚಾಲಕನ ಕಡೆಯ ಲೆಕ್ಕವೂ ಹೀಗೆಯೇ ಇದೆ. ಅಡ್ಡಬಂದ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಎಷ್ಟೇ ಎಚ್ಚರದ ಚಾಲಕನಿಗೂ ಒಂದು ಸೆಕೆಂಡಾದರೂ ಬೇಕು. ಒಣಗಿದ ಒಳ್ಳೆಯ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು, ಆ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 13 ಮೀಟರಿನೊಳಗೆ ಪೂರ್ಣವಾಗಿ ನಿಲ್ಲುತ್ತದೆ. 50 ಕಿ.ಮೀ. ವೇಗದ ಕಾರು ಆ 13 ಮೀಟರನ್ನು ಬ್ರೇಕು ಹತ್ತುವುದಕ್ಕೆ ಮುಂಚೆಯೇ ದಾಟಿರುತ್ತದೆ. ಅಂದರೆ, ಒಂದು ಕಾರು ಮಗುವಿನ ಮುಂದೆ ನಿಂತ ಅದೇ ಸ್ಥಳದಲ್ಲಿ ಇನ್ನೊಂದು ತನ್ನ ಪೂರ್ಣ ವೇಗದಿಂದ ಬಡಿಯುತ್ತದೆ. ಹಾರ್ನ್ ಹಾಕಿದ್ದೆನೆಂಬ ಮಾತಿಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಹಾರ್ನ್ ಕೇಳಿದ ಮಗು ಎಷ್ಟೋ ಸಲ ನಡುರಸ್ತೆಯಲ್ಲಿ ಬೆದರಿ ನಿಂತುಬಿಡುತ್ತದೆ.

ಹೀಗಿರುವಾಗ ನಮ್ಮ ಗಮನವೆಲ್ಲ ಮಗುವನ್ನು ತಿದ್ದುವುದರ ಮೇಲಿದ್ದರೆ ಸಾಲದು. ತಿದ್ದಬೇಕಾದದ್ದು ರಸ್ತೆಯನ್ನು, ವೇಗವನ್ನು, ಅದಕ್ಕಿಂತ ಮೊದಲು ನಮ್ಮನ್ನು. 1997ರಲ್ಲಿ ಸ್ವೀಡನ್ನಿನ ಸಂಸತ್ತು ರಸ್ತೆ ಸುರಕ್ಷತೆಯ ಬಗ್ಗೆ ಒಂದು ನೀತಿಯನ್ನು ಅಂಗೀಕರಿಸಿತು. ಮನುಷ್ಯನು ತಪ್ಪು ಮಾಡುವುದು ಸಹಜ. ಆ ತಪ್ಪಿಗೆ ಮರಣವು ಶಿಕ್ಷೆಯಾಗದಂತೆ ರಸ್ತೆಯನ್ನು ಕಟ್ಟುವುದು ಕಟ್ಟುವವರ ಹೊಣೆ ಎಂಬುದೇ ಅದರ ತಿರುಳು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ನಾನಾ ದೇಶಗಳ ಮಂತ್ರಿಗಳ ಸಮ್ಮೇಳನವು, ಪಾದಚಾರಿಗಳೂ ವಾಹನಗಳೂ ಬೆರೆತು ಸಾಗುವ ಕಡೆಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿ.ಮೀ. ಇರಬೇಕೆಂದು ಘೋಷಿಸಿತು. ನಮ್ಮ ದೇಶದಲ್ಲಿ 2018ರ ಏಪ್ರಿಲ್ ತಿಂಗಳ ಕೇಂದ್ರ ಅಧಿಸೂಚನೆಯು ಪಟ್ಟಣಗಳ ಪರಿಮಿತಿಯೊಳಗೆ ಕಾರುಗಳಿಗೆ 70 ಕಿ.ಮೀ., ಮೋಟಾರ್ ಸೈಕಲ್‌ಗಳಿಗೆ 60 ಕಿ.ಮೀ. ಎಂದು ಗರಿಷ್ಠ ಮಿತಿಯನ್ನು ಗೊತ್ತುಪಡಿಸಿತು. ಇದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸುವ ಅಧಿಕಾರ ರಾಜ್ಯಗಳಿಗಿದೆ. ಆದರೆ ಶಾಲೆಯ ಮುಂದೆ ಆ ಕೆಂಪು ವೃತ್ತದ ಫಲಕವನ್ನು ನೆಡಿಸಿಕೊಳ್ಳಲು ಯಾರಾದರೂ ಬೆನ್ನುಹತ್ತಲೇ ಬೇಕು.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಸುನೀಗಿದರು. ಅವರಲ್ಲಿ 32,825 ಮಂದಿ ಕಾಲುನಡಿಗೆಯಲ್ಲಿದ್ದವರು. ದಿನವೊಂದಕ್ಕೆ ಸುಮಾರು ತೊಂಬತ್ತು ಜನ.

ಕಾನೂನು ಇಲ್ಲವೆಂದಲ್ಲ. ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟಿಯನ್ನು ಸಮೀಪಿಸುವ ಚಾಲಕನು ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನ ಭಾಗವೇ ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ರಸ್ತೆಯ ವಿನ್ಯಾಸದಲ್ಲಿ ಸುರಕ್ಷತೆಯ ಮಾನದಂಡಗಳನ್ನು ಕಡೆಗಣಿಸಿ ಸಾವುನೋವಿಗೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುವ ಕಲಮು 2019ರ ತಿದ್ದುಪಡಿಯಲ್ಲಿ ಸೇರಿದೆ. ಆದರೆ ಓದುಗ ಬಂಧುಗಳು ತಮ್ಮ ಎದೆಯನ್ನು ಮುಟ್ಟಿಕೊಂಡು ಹೇಳಲಿ: ಜೀಬ್ರಾ ಪಟ್ಟಿಯ ಮುಂದೆ, ಪೊಲೀಸರಿಲ್ಲದಿರುವಾಗ, ನಾವು ನಮ್ಮ ವಾಹನವನ್ನು ಎಷ್ಟು ಸಲ ನಿಲ್ಲಿಸಿದ್ದೇವೆ? ನಾವು ನಿಲ್ಲಿಸಿದರೆ ಹಿಂದಿನವನು ಹಾರ್ನ್ ಹಾಕಿ ಪಕ್ಕದಿಂದ ನುಗ್ಗುತ್ತಾನೆ. ದಾರಿ ಸಿಕ್ಕಿತೆಂದು ಹೊರಟ ಮಗು ಅವನಿಗೆ ಸಿಕ್ಕಿಬೀಳುತ್ತದೆ. ಅದೂ ನಿಜ. ಬಿಳಿಯ ಬಣ್ಣವೊಂದೇ ಯಾರನ್ನೂ ಕಾಪಾಡದು.

ಬಣ್ಣವು ಮಾಡಲಾರದ್ದನ್ನು ರಸ್ತೆಯ ಆಕಾರವು ಮಾಡಬಲ್ಲದು. ನಮ್ಮ ಕಡೆ ಅಪಘಾತವಾದ ಮರುದಿನ ಊರವರು ಕಲ್ಲುಮಣ್ಣು ಸುರಿದು ಒಂದು ಹಂಪು ಎಬ್ಬಿಸಿಬಿಡುತ್ತಾರೆ. ಅದು ಚೂಪಾಗಿದ್ದು, ರಾತ್ರಿ ಕಾಣದೆ, ದ್ವಿಚಕ್ರ ವಾಹನದ ಹಿಂದೆ ಕುಳಿತ ತಾಯಂದಿರನ್ನು ಕೆಡಹುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1988ರಲ್ಲಿಯೇ ಇದಕ್ಕೊಂದು ಅಳತೆಯನ್ನು ಕೊಟ್ಟಿತ್ತು: 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರ, ದುಂಡಗಿನ ಬೆನ್ನು. 25 ಕಿ.ಮೀ. ವೇಗದಲ್ಲಿ ಹೋದವನಿಗೆ ಅದು ತೊಂದರೆ ಕೊಡುವುದಿಲ್ಲ, ಹೆಚ್ಚು ವೇಗದವನಿಗೆ ಮಾತ್ರ ಬುದ್ಧಿ ಕಲಿಸುತ್ತದೆ. ಇದಕ್ಕಿಂತಲೂ ಉತ್ತಮವಾದದ್ದು ಜೀಬ್ರಾ ಪಟ್ಟಿಯನ್ನೇ ವೇದಿಕೆಯಂತೆ ಎತ್ತರಿಸಿ ಕಟ್ಟುವುದು. ಆಗ ಮಗು ವಾಹನದ ದಾರಿಗೆ ಇಳಿಯುವುದಿಲ್ಲ. ವಾಹನವೇ ಮಗುವಿನ ದಾರಿಯನ್ನು ಏರಿ ಇಳಿಯಬೇಕಾಗುತ್ತದೆ. ಅಗಲವಾದ ರಸ್ತೆಯಾದರೆ ನಡುವೆ ನಿಲ್ಲಲು ಒಂದು ಕಟ್ಟೆ ಇರಬೇಕು. ಒಂದೇ ಉಸಿರಿಗೆ ಎರಡೂ ಕಡೆಯ ವಾಹನಗಳನ್ನು ಅಳೆಯುವ ಕಷ್ಟ ಅಲ್ಲಿಗೆ ಅರ್ಧವಾಗುತ್ತದೆ.

ರಾಷ್ಟ್ರೀಯ ಹೆದ್ದಾರಿಯ ಮುಖ್ಯ ಪಥದ ಮಾತು ಬೇರೆ. ಅಲ್ಲಿ ಹಂಪುಗಳಿಗೆ ಅವಕಾಶವಿಲ್ಲ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ನಮ್ಮ ಪುಣೆ–ಬೆಂಗಳೂರು ರಸ್ತೆ ಅಗಲವಾದಾಗ ಹಲವು ಊರುಗಳು ಎರಡು ಹೋಳಾದವು. ಹೋಳಾದ ಊರುಗಳಿಗೆ ಕೆಲವು ಕಡೆ ಕೆಳಸೇತುವೆಗಳು ಬಂದವು, ಕೆಲವು ಕಡೆ ಬರಲಿಲ್ಲ. ಬಂದಲ್ಲಿಯೂ ಮಳೆಗಾಲದಲ್ಲಿ ಮೊಣಕಾಲು ನೀರು ನಿಂತರೆ ಮಕ್ಕಳು ಮತ್ತೆ ಮೇಲಿನ ರಸ್ತೆಯನ್ನೇ ಹಿಡಿಯುತ್ತಾರೆ. ಮೇಲ್ಸೇತುವೆಯ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ಹೆದ್ದಾರಿಯ ಮೇಲೆ 5.5 ಮೀಟರು ತೆರವು ಇರಬೇಕು. ಎಂದರೆ ಮಗುವು ಪುಸ್ತಕದ ಚೀಲವನ್ನು ಹೊತ್ತು ನಲವತ್ತು ಮೆಟ್ಟಿಲು ಏರಬೇಕು, ನಲವತ್ತು ಇಳಿಯಬೇಕು. ಮನೆಯಲ್ಲಿ ಅಡುಗೆ ಕಾದಿರುವಾಗ, ಹೊಟ್ಟೆ ಹಸಿದಿರುವಾಗ, ಯಾವ ಮಗು ಏರೀತು? ಅದು ಡಿವೈಡರಿನ ಕಂಬಿಯನ್ನು ತೂರಿ ಹೋಗುತ್ತದೆ. ನಾವು ಮತ್ತೆ, "ಸೇತುವೆಯಿದ್ದರೂ ಬಳಸಲಿಲ್ಲ" ಎಂದು ಮಗುವಿನ ಮೇಲೆಯೇ ತಪ್ಪು ಹೊರಿಸುತ್ತೇವೆ.

ಇವೆಲ್ಲ ಸಿರಿವಂತ ದೇಶಗಳ ಮಾತೆಂದು ಕೆಲವರು ಹೇಳಬಹುದು. ಆಫ್ರಿಕಾದ ತಾಂಜಾನಿಯ ನಮಗಿಂತ ಬಡ ದೇಶ. ಅದರ ದೊಡ್ಡ ನಗರವಾದ ದಾರ್-ಎಸ್-ಸಲಾಮಿನಲ್ಲಿ ಅಮೆಂಡ್ ಎಂಬ ಸಂಸ್ಥೆಯು ಹೆಚ್ಚು ಅಪಾಯವಿರುವ ಶಾಲೆಗಳನ್ನು ಆರಿಸಿಕೊಂಡು ಕಾಲುದಾರಿ, ಹಂಪು, ಜೀಬ್ರಾ ಪಟ್ಟಿ, ಫಲಕ ಮುಂತಾದ ಸಣ್ಣ ಕೆಲಸಗಳನ್ನು ಮಾಡಿತು. ಅಗತ್ಯವಿದ್ದಲ್ಲಿ ಶಾಲೆಯ ಬಾಗಿಲನ್ನೇ ದೊಡ್ಡ ರಸ್ತೆಯಿಂದ ಒಳಓಣಿಯ ಕಡೆಗೆ ತಿರುಗಿಸಿತು. ಈ ಕಾರ್ಯಕ್ಕೆ 2019ರಲ್ಲಿ ಒಂದು ಅಂತರರಾಷ್ಟ್ರೀಯ ಪ್ರಶಸ್ತಿಯೂ ದೊರೆಯಿತು. ಬಾಗಿಲನ್ನು ತಿರುಗಿಸಲು ಎಷ್ಟು ಖರ್ಚು? ನಮ್ಮ ಎಷ್ಟೋ ವಿದ್ಯಾಸಂಸ್ಥೆಗಳ ಮಹಾದ್ವಾರಗಳು ಹೆಸರು ಎದ್ದು ಕಾಣಲೆಂದು ಹೆದ್ದಾರಿಗೇ ಮುಖ ಮಾಡಿವೆ. ದ್ವಾರವು ಅಲ್ಲಿಯೇ ಇರಲಿ, ಅತಿಥಿಗಳು ಅದರ ಮೂಲಕವೇ ಬರಲಿ. ಮಕ್ಕಳಿಗೆ ಹಿತ್ತಿಲ ಕಡೆಯಿಂದ ಒಂದು ಚಿಕ್ಕ ಬಾಗಿಲು ಸಾಕು. ಈ ಮಾತನ್ನು ಆಡಳಿತ ಮಂಡಳಿಗಳಲ್ಲಿರುವ ನಮ್ಮ ಹಿರಿಯರು ಬೇಸರಿಸದೆ ಆಲಿಸಬೇಕೆಂದು ಪ್ರಾರ್ಥನೆ.

ಇನ್ನು ದಾಟಿಸುವ ಕೈಗಳ ವಿಚಾರ. ಇಂಗ್ಲೆಂಡಿನಲ್ಲಿ 1951ರಲ್ಲಿ ಜೀಬ್ರಾ ಪಟ್ಟಿಗಳು ಅಧಿಕೃತವಾಗಿ ಬಂದವು. ಅಷ್ಟಕ್ಕೇ ಬಿಡದೆ 1953ರಲ್ಲಿ ಶಾಲಾ ಮಕ್ಕಳನ್ನು ದಾಟಿಸುವವರಿಗಾಗಿಯೇ ಒಂದು ಕಾಯಿದೆಯನ್ನು ಮಾಡಿದರು. ಕೋಲಿನ ತುದಿಗೆ ದುಂಡನೆಯ ಫಲಕವನ್ನು ಹಿಡಿದು ನಡುರಸ್ತೆಯಲ್ಲಿ ನಿಂತ ಆ ವ್ಯಕ್ತಿಗೆ, ನಿವೃತ್ತರೊಬ್ಬರಿರಲಿ ಗೃಹಿಣಿಯೊಬ್ಬರಿರಲಿ, ಪ್ರತಿಯೊಬ್ಬ ಚಾಲಕನೂ ನಿಂತು ದಾರಿ ಕೊಡಬೇಕು. ಜಪಾನಿನ ಕಥೆ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು. 1959ರಲ್ಲಿ ಟೋಕಿಯೋ ನಗರದಲ್ಲಿ ಗಂಡನನ್ನು ಕಳೆದುಕೊಂಡ ತಾಯಂದಿರಿಗೆ ಜೀವನೋಪಾಯವಾಗಲೆಂದು ಅವರನ್ನು ಶಾಲೆಗಳ ಬಳಿ ಮಕ್ಕಳನ್ನು ದಾಟಿಸುವ ಕೆಲಸಕ್ಕೆ ನೇಮಿಸಿಕೊಂಡರು. ಜನರು ಅವರನ್ನು "ಹಸಿರು ಚಿಕ್ಕಮ್ಮ" ಎಂದು ಪ್ರೀತಿಯಿಂದ ಕರೆದರು. ಒಂದೇ ಕೆಲಸದಿಂದ ಎರಡು ಬಾಳುಗಳಿಗೆ ಆಸರೆ.

ನಮ್ಮ ಊರಿನಲ್ಲಿಯೂ ಅಂಥ ಒಬ್ಬ ತಾಯಿ ಇದ್ದರು. ಆ ಬಾಲಕಿಯ ಅಜ್ಜಿ. ಮೊಮ್ಮಗಳು ಆಸ್ಪತ್ರೆಯಿಂದ ಮರಳಿ, ಒಂದು ವರ್ಷದ ಓದನ್ನು ಕಳೆದುಕೊಂಡು, ಕುಂಟುತ್ತ ಶಾಲೆಗೆ ಬರತೊಡಗಿದಾಗ ಅಜ್ಜಿ ಮುಂಜಾನೆ ಮತ್ತು ಸಂಜೆ ಅವಳ ಕೈ ಹಿಡಿದು ದಾಟಿಸುತ್ತಿದ್ದರು. ಮೊದಮೊದಲು ತನ್ನ ಮೊಮ್ಮಗಳನ್ನು ಮಾತ್ರ. ನಂತರ ಪಕ್ಕದ ಮನೆಯ ಮಕ್ಕಳು ಸೆರಗು ಹಿಡಿದರು. ತಿಂಗಳೊಪ್ಪತ್ತಿನಲ್ಲಿ ಊರ ಮಕ್ಕಳೆಲ್ಲ ರಸ್ತೆಯಂಚಿನ ಬೇವಿನ ಮರದ ಕೆಳಗೆ ಸಾಲಾಗಿ ನಿಂತು, "ಅಮ್ಮಾ ಬರ್‍ರಿ" ಎಂದು ಕೂಗತೊಡಗಿದರು. ಅಜ್ಜಿಯ ಕೈಯಲ್ಲಿ ಫಲಕವಿರಲಿಲ್ಲ, ಒಂದು ಕೆಂಪು ವಸ್ತ್ರವಿತ್ತು. ಲಾರಿಯ ಚಾಲಕರು ಆ ಮುದುಕಿಯನ್ನು ಕಂಡು ನಿಲ್ಲಿಸುತ್ತಿದ್ದರು; ಕೆಲವರು ನಿಲ್ಲಿಸುತ್ತಿರಲಿಲ್ಲ, ಅಂಥವರಿಗೆ ಅಜ್ಜಿಯ ಬಾಯಿಂದ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು. ಏಳು ವರ್ಷ ಈ ಕಾಯಕವನ್ನು ಅವರು ನಡೆಸಿದರು. ಆ ಏಳು ವರ್ಷಗಳಲ್ಲಿ ನಮ್ಮ ಶಾಲೆಯ ಒಂದು ಮಗುವಿಗೂ ಆ ಸ್ಥಳದಲ್ಲಿ ಗಾಯವಾಗಲಿಲ್ಲ. ಆದರೆ ಒಬ್ಬ ಅಜ್ಜಿಯ ಕಾಲುಗಳ ಮೇಲೆ ಇನ್ನೂರು ಮಕ್ಕಳ ಜೀವವನ್ನು ನಿಲ್ಲಿಸಿ ನಾವೆಲ್ಲ ನೆಮ್ಮದಿಯಿಂದ ಇದ್ದೆವಲ್ಲ ಎಂದು ಇಂದು ನಾಚಿಕೆಯಾಗುತ್ತದೆ. ಅವರು ಹಾಸಿಗೆ ಹಿಡಿದ ಮೇಲೆಯೇ ನಾವು ಅರ್ಜಿ ಬರೆಯಲು ಕುಳಿತದ್ದು.

ತಂದೆತಾಯಂದಿರಿಗೆ ಒಂದೆರಡು ಮಾತು. ಮಗುವಿಗಾಗಿ ಕಾಯುವುದಾದರೆ ಶಾಲೆಯ ಬದಿಗೇ ಬಂದು ಕಾಯಿರಿ. ಆಚೆ ಬದಿಯಲ್ಲಿ ನಿಂತು ಕೈಬೀಸಬೇಡಿರಿ, ಹೆಸರು ಹಿಡಿದು ಕೂಗಬೇಡಿರಿ. ತಂದೆಯ ಮುಖ ಕಂಡ ಮಗುವಿಗೆ ನಡುವಿನ ರಸ್ತೆ ಕಾಣುವುದಿಲ್ಲ. ಆ ಬಾಲಕಿಯ ತಂದೆ ಅಂದು ಎತ್ತಿದ ತನ್ನ ಕೈಯನ್ನು ತೋರಿಸಿ ನನ್ನೆದುರು ಅತ್ತದ್ದನ್ನು ನಾನು ಮರೆಯಲಾರೆ. ನಿಂತ ಬಸ್ಸಿನ ಮುಂದಿನಿಂದ ಮಗು ದಾಟಬಾರದು. ಬಸ್ಸು ಹೊರಟುಹೋದ ಮೇಲೆ ದಾಟಲಿ. ಹತ್ತು ವರ್ಷ ತುಂಬುವವರೆಗಾದರೂ ದೊಡ್ಡವರ ಕೈ ಜೊತೆಗಿರಲಿ. ಇನ್ನು, ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ಒತ್ತೊತ್ತಾಗಿ ನಿಲ್ಲುವ ನಮ್ಮದೇ ಸ್ಕೂಟರು, ಕಾರುಗಳ ಹಿಂದೆ ನಾಲ್ಕಡಿ ಎತ್ತರದ ಮಗು ಸಂಪೂರ್ಣ ಮರೆಯಾಗುತ್ತದೆಂಬುದನ್ನು ಎಷ್ಟು ಜನ ಯೋಚಿಸಿದ್ದೇವೆ? ನಮ್ಮ ಮಗುವನ್ನು ಬಾಗಿಲವರೆಗೆ ಬಿಡುವ ಆತುರದಲ್ಲಿ ನೆರೆಮನೆಯ ಮಗುವಿಗೆ ನಾವೇ ಅಪಾಯವಾಗುತ್ತೇವೆ. ಪ್ರೌಢಶಾಲೆಯ ಹುಡುಗರ ಕೈಗೆ ಗಾಡಿ ಕೊಡುವವರಂತೂ ತಿಳಿದಿರಲಿ: 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಪಾಲಕರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆಮನೆ.

ನಮ್ಮ ಅರ್ಜಿಯ ಕಥೆ ಉದ್ದವಾದದ್ದು. ಅದರಿಂದ ಕಲಿತದ್ದನ್ನಷ್ಟು ಹೇಳುತ್ತೇನೆ. "ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದು ಬರೆದ ನಮ್ಮ ಮೊದಲ ಅರ್ಜಿಗೆ ಉತ್ತರವೇ ಬರಲಿಲ್ಲ. ಎರಡನೆಯದರಲ್ಲಿ ಏಳನೆಯ ತರಗತಿಯ ಮಕ್ಕಳನ್ನೇ ಕೂರಿಸಿ ಒಂದು ವಾರ ಎಣಿಸಿದೆವು. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಎಷ್ಟು ವಾಹನಗಳು, ಎಷ್ಟು ಮಕ್ಕಳು, ಪ್ರತಿ ಮಗು ಎಷ್ಟು ಹೊತ್ತು ಕಾಯಿತು ಎಂಬ ಕೋಷ್ಟಕವನ್ನು ಲಗತ್ತಿಸಿ, ಏನು ಬೇಕೆಂಬುದನ್ನು ಸ್ಪಷ್ಟವಾಗಿ ಬರೆದೆವು. ಅಂಕಿಗಳನ್ನು ಕಂಡ ಮೇಲೆ ಕಚೇರಿಯವರು ಸ್ಥಳಕ್ಕೆ ಬಂದರು. ಈಗ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇದೆ. ಸರ್ಕಾರಿ ಶಾಲೆಯಾದರೆ ಎಸ್.ಡಿ.ಎಂ.ಸಿ. ಠರಾವಿನೊಂದಿಗೆ, ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಯ ಪತ್ರದೊಂದಿಗೆ ಆ ಸಮಿತಿಗೆ ಅರ್ಜಿ ಕೊಡಬಹುದು. ಪ್ರತಿಯೊಂದನ್ನು ರಸ್ತೆ ಯಾರದೋ ಅವರಿಗೆ, ಇನ್ನೊಂದನ್ನು ಪೊಲೀಸ್ ಠಾಣೆಗೆ. ಶಾಲೆಯ ಹೊತ್ತಿಗೆ ಗೃಹರಕ್ಷಕ ದಳದವರೊಬ್ಬರನ್ನು ಕೇಳಿಕೊಳ್ಳಬಹುದು. ರಾಷ್ಟ್ರೀಯ ಹೆದ್ದಾರಿಯ ಮೇಲಿನ ತುರ್ತಿಗೆ 1033 ಸಂಖ್ಯೆ ಇದೆ. ಸ್ವೀಕೃತಿಯ ಮುದ್ರೆಯಿಲ್ಲದೆ ಯಾವ ಅರ್ಜಿಯನ್ನೂ ಕೊಟ್ಟು ಬರಬೇಡಿರಿ.

ಇದನ್ನೆಲ್ಲ ಮಾರ್ಚ್ ತಿಂಗಳಲ್ಲೇ ಮಾಡಬೇಕು. ಶಾಲೆಗಳು ಪುನಃ ತೆರೆಯುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ಹಸಿ ಡಾಂಬರಿನ ಮೇಲೆ ಜೀಬ್ರಾ ಪಟ್ಟಿಯ ಬಣ್ಣ ಹಿಡಿಯುವುದಿಲ್ಲ.